ಕಾವಲಿಲ್ಲದ ರಕ್ತ

ಶ್ರೀನಿವಾಸಪುರದ ತವರುಮನೆಯ ಬಚ್ಚಲಲ್ಲಿ ಮಗಳಿಗೆ ನೀರು ಹಾಕುತ್ತಿದ್ದೆವು. ಅಮ್ಮ ತಂಬಿಗೆಯಿಂದ ಬಿಸಿನೀರು ಹೊಯ್ಯುತ್ತಿದ್ದಳು. ನಾನು ಕಾಲು ಚಾಚಿ ಕೂತು, ಇನ್ನೂ ಕತ್ತು ನಿಲ್ಲದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೈ ತಿಕ್ಕುತ್ತಿದ್ದೆ. ಎಡಗೈ ಎತ್ತಿ ಕಂಕುಳು ತೊಳೆಯಲು ಹೋದಾಗ ಬೆರಳಿಗೆ ಏನೋ ತಗುಲಿತು. ಬಟಾಣಿ ಕಾಳಿನಷ್ಟು ದಪ್ಪ, ಒತ್ತಿದರೆ ಅತ್ತಿತ್ತ ಸರಿಯುವ ಗಂಟು. ಬಚ್ಚಲ ಹಬೆಯಲ್ಲಿ ಬೆವರುತ್ತಿದ್ದ ನನ್ನ ಮೈ ಒಮ್ಮೆಗೇ ತಣ್ಣಗಾಯಿತು.

"ಯಾಕೆ ನಿಲ್ಲಿಸಿಬಿಟ್ಟೆ? ಕೂಸಿಗೆ ಶೀತ ಆಗ್ತದೆ," ಅಂದಳು ಅಮ್ಮ.

ನಾನು ಅವಳ ಕೈ ಹಿಡಿದು ಅದೇ ಜಾಗಕ್ಕೆ ಮುಟ್ಟಿಸಿದೆ. ತಂಬಿಗೆ ಅವಳ ಇನ್ನೊಂದು ಕೈಯಿಂದ ಜಾರಿ ಹಂಡೆಯೊಳಗೆ ಬಿತ್ತು. ಇಬ್ಬರಿಗೂ ನೆನಪಾದದ್ದು ಒಂದೇ. ನನ್ನ ಮೊದಲನೆಯ ಮಗನಿಗೂ ಇದೇ ಕಂಕುಳಲ್ಲಿ, ಹುಟ್ಟಿದಾಗ ಕ್ಷಯದ ಲಸಿಕೆ ಹಾಕಿದ ತೋಳಿನ ಕಡೆಯೇ, ಇಂಥದೇ ಗಂಟು ಎದ್ದಿತ್ತು. ಅದು ನಿಂಬೆಹಣ್ಣಿನ ಗಾತ್ರವಾಗಿ, ಒಡೆದು, ಕೀವು ಸುರಿಯಿತು. ಗಾಯ ಮಾಯುವ ಮೊದಲೇ ಅವನ ಎದೆಯಲ್ಲಿ ಕಫ ಕಟ್ಟಿತು. ವರ್ಷ ತುಂಬುವ ಮುಂಚೆ ಅವನು ಹೋದ. ನ್ಯುಮೋನಿಯಾ ಅಂದರು. ಅಷ್ಟು ಚಿಕ್ಕ ಮಗುವಿಗೆ ಅಷ್ಟು ಘೋರವಾದದ್ದು ಯಾಕೆ ಬಂತು ಎಂದು ನಾವೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಇಲ್ಲಿ ನಮ್ಮ ಮನೆತನದ ಒಂದು ಸಂಗತಿ ಹೇಳಬೇಕು. ನನ್ನ ಗಂಡ ನನ್ನ ಅಮ್ಮನ ತಮ್ಮ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ಹಾಗಾಗಿ ನನ್ನ ಅತ್ತೆ ಎಂದರೆ ನನ್ನ ಸ್ವಂತ ಅಜ್ಜಿಯೇ. ಮದುವೆಯಾಗಿ ಕ್ಯಾಲನೂರಿನ ಅವರ ಮನೆಗೆ ಹೋದಾಗ ಹೊಸ ಮನೆಗೆ ಹೋದೆ ಎಂದು ಅನಿಸಲೇ ಇಲ್ಲ, ಬೇಸಿಗೆ ರಜೆಗೆ ಬಂದವಳು ವಾಪಸು ಹೋಗದೆ ಉಳಿದುಬಿಟ್ಟ ಹಾಗಿತ್ತು. ಹಿತ್ತಲಲ್ಲಿ ಕೊಟ್ಟಿಗೆ, ಕೊಟ್ಟಿಗೆ ತುಂಬ ಹಸು. ಬೆಳಗ್ಗೆ ಸಂಜೆ ಡೇರಿಗೆ ಹಾಲು. ಅಜ್ಜಿ ಮುಳಬಾಗಿಲು ಕಡೆಯವಳು, ಖುಷಿಯಾದರೂ ಸಿಟ್ಟಾದರೂ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. ನಾನು ಪಕ್ಕದ ಊರಿನ ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ.

ಗಂಟನ್ನು ಕೋಲಾರದ ಡಾಕ್ಟರಿಗೆ ತೋರಿಸಿದೆವು. "ಲಸಿಕೆ ಹಾಕಿದ ಮೇಲೆ ಕೆಲವು ಮಕ್ಕಳಿಗೆ ಹೀಗಾಗ್ತದೆ, ಹೆದರಬೇಡಿ," ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನನಗೆ ನಂಬಿಕೆ ಬರಲಿಲ್ಲ. ಗಂಟು ಒಡೆಯಿತು, ಬಹಳ ಕಾಲ ಒಸರಿತು, ಕೊನೆಗೆ ಮಾಯಿತು. ಮಗಳು ಉಳಿದಳು. ಅಜ್ಜಿ ಕುರುಡುಮಲೆ ಗಣಪನಿಗೆ ಹರಕೆ ತೀರಿಸಿ ಬಂದಳು. ಎಲ್ಲರೂ ನಿರಾಳವಾದರು, ನಾನು ಮಾತ್ರ ಆಗಲಿಲ್ಲ.

ಯಾಕೆಂದರೆ ಅದು ಅಲ್ಲಿಗೆ ಮುಗಿಯಲಿಲ್ಲ. ಸೊಳ್ಳೆ ಕಚ್ಚಿದ ಜಾಗ ಕುರುವಾಗುತ್ತಿತ್ತು. ಕಿವಿ ಸೋರುತ್ತಿತ್ತು. ಕತ್ತಿನಲ್ಲಿ ಗಂಟು ಏಳುತ್ತಿತ್ತು, ಅದನ್ನು ಕೊಯ್ದು ಕೀವು ತೆಗೆಯುತ್ತಿದ್ದರು, ಇನ್ನೊಂದು ಕಡೆ ಏಳುತ್ತಿತ್ತು. ನನಗೊಂದು ಚಟ ಅಂಟಿಕೊಂಡಿತು. ಮಗಳು ಪಕ್ಕದಲ್ಲಿ ಸುಳಿದರೆ ಸಾಕು, ಅಂಗೈ ಹಿಂಬದಿಯಿಂದ ಅವಳ ಹಣೆ ಮುಟ್ಟುವುದು, ಆಮೇಲೆ ಕತ್ತಿನ ಎರಡೂ ಪಕ್ಕ ಸವರುವುದು, ಕಂಕುಳೊಳಗೆ ಬೆರಳಾಡಿಸುವುದು. ಅವಳು ಕಚಗುಳಿ ಎಂದುಕೊಂಡು ನಗುತ್ತಿದ್ದಳು.

"ಮಗೂನ ಹಿಂಗೆ ಹುಡುಕ್ತಾನೇ ಇದ್ರೆ ಇಲ್ಲದ್ದೂ ಸಿಗ್ತದೆ ಕಣೇ," ಎಂದು ಅಜ್ಜಿ ಬೈಯುತ್ತಿದ್ದಳು. "ಬಿಡು ಆ ಬಂಗಾರಾನ, ಆಡ್ಕೊಳ್ಳಲಿ."

ಮಗಳಿಗೆ ನಾಲ್ಕು ತುಂಬಿದ ಮೇಲೆ ಒಂದು ಜ್ವರ ಬಂತು, ಹೋಗಲೇ ಇಲ್ಲ. ಮಾತ್ರೆ ಕೊಟ್ಟರೆ ಇಳಿಯುತ್ತಿತ್ತು, ಸಂಜೆಯ ಹೊತ್ತಿಗೆ ಮತ್ತೆ ಏರುತ್ತಿತ್ತು. ಮಗಳು ತೆಳ್ಳಗಾಗುತ್ತಾ ಹೋದಳು, ಹೊಟ್ಟೆ ಮಾತ್ರ ಉಬ್ಬಿತು. ಕ್ಷಯ ಇರಬಹುದು ಎಂದು ಅದಕ್ಕೆ ಔಷಧಿ ಶುರು ಮಾಡಿದರು. ವಾರಗಳು ಹೋದವು, ಏನೂ ಗುಣ ಕಾಣಲಿಲ್ಲ. ಒಂದು ದಿನ ಅವಳು ಬಲಪಕ್ಕೆ ಹಿಡಿದುಕೊಂಡು ಬಾಗಿ ನಡೆಯುವುದನ್ನು ನನ್ನ ಗಂಡ ನೋಡಿದರು. ಆ ದಿನವೇ ಸ್ಕ್ಯಾನ್ ಮಾಡಿಸಿದೆವು. ಸ್ಕ್ಯಾನ್ ಮಾಡುತ್ತಿದ್ದವರು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ನೋಡತೊಡಗಿದರು. ಪಿತ್ತಜನಕಾಂಗದಲ್ಲಿ ಕೀವಿನ ಗಡ್ಡೆಗಳಿವೆ, ಒಂದಲ್ಲ, ಹಲವು. ಇವತ್ತೇ ಬೆಂಗಳೂರಿಗೆ ಹೊರಡಿ ಅಂದರು.

ಬೆಂಗಳೂರಿನ ಮಕ್ಕಳ ಆಸ್ಪತ್ರೆಯಲ್ಲಿ ಪಕ್ಕೆಗೆ ನಳಿಕೆ ಇಟ್ಟು ಕೀವು ಇಳಿಸಿದರು. ಅಲ್ಲೊಬ್ಬರು ಡಾಕ್ಟರ್ ಇದ್ದರು, ನನಗಿಂತ ಸ್ವಲ್ಪವೇ ದೊಡ್ಡವರಿರಬೇಕು. ಬಂದವರು ಮಂಚದ ತುದಿಯಲ್ಲಿ ಕೂತು ಮೊದಲಿನಿಂದ ಹೇಳಿ ಅಂದರು. ನಾನು ಜ್ವರದಿಂದ ಶುರು ಮಾಡಿದೆ. ಅವರು ತಲೆಯಾಡಿಸಿ, "ಜ್ವರ ಅಲ್ಲ, ಹುಟ್ಟಿದಾಗಿನಿಂದ," ಅಂದರು. ಕಂಕುಳ ಗಂಟು, ಕುರು, ಕಿವಿ, ಕತ್ತು, ಎಲ್ಲ ಹೇಳಿದೆ.

"ಇವಳಿಗಿಂತ ಮುಂಚೆ ಮಗು ಇತ್ತಾ?"

"ಇತ್ತು. ಹೋಯ್ತು."

"ಅದಕ್ಕೂ ಕಂಕುಳಲ್ಲಿ ಗಂಟು ಬಂದಿತ್ತಾ?"

ನಾನು ಹೇಳುವ ಮೊದಲೇ ಅವರು ಕೇಳಿದ್ದು ನೋಡಿ ನಾನು ಗಂಡನ ಕಡೆ ತಿರುಗಿದೆ. ನನ್ನ ಗಂಡ ಹೂಂ ಅಂದರು.

"ನೀವಿಬ್ಬರೂ ಮದುವೆಗೆ ಮುಂಚೆ ಸಂಬಂಧಿಗಳಾ?"

"ನಾನು ಅವಳಿಗೆ ಸೋದರಮಾವ ಮೇಡಂ."

ಅವರ ಮುಖದಲ್ಲಿ ಆಕ್ಷೇಪಣೆ ಕಾಣಲಿಲ್ಲ. ಒಂದು ವಿಶೇಷ ರಕ್ತ ಪರೀಕ್ಷೆ ಮಾಡಬೇಕು, ಮಗುವಿನದರ ಜೊತೆ ನಮ್ಮಿಬ್ಬರದೂ ಬೇಕು ಅಂದರು. ಆ ಪರೀಕ್ಷೆಯ ಫಲ ಬರುವ ತನಕ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಳಿ ಕೋಟು ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಬೇರೆ ಯಾರೋ ಆಗಿರುತ್ತಿದ್ದರು, ಮತ್ತೆ ಕೂರುತ್ತಿದ್ದೆ.

ಕೊನೆಗೆ ಅವರು ನಮ್ಮನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡರು. ತೆರೆಯ ಮೇಲೆ ಗುಡ್ಡದಂಥ ಗೆರೆಗಳಿದ್ದವು. "ರಕ್ತದಲ್ಲಿ ಬಿಳಿಕಣ ಇರ್ತವಲ್ಲ, ಅವು ಕ್ರಿಮಿ ಬಂದ್ರೆ ಹೋಗಿ ನುಂಗ್ತವೆ. ನುಂಗಿದ ಮೇಲೆ ಒಳಗೇ ಒಂದು ರಾಸಾಯನಿಕ ತಯಾರಿಸಿ ಅದನ್ನ ಕೊಲ್ತವೆ. ಆ ಕೆಲಸ ನಡೆದರೆ ಈ ಗುಡ್ಡ ಎಡದಿಂದ ಬಲಕ್ಕೆ ಸರೀಬೇಕು. ಇದು ಆರೋಗ್ಯವಾಗಿರೋರದು, ನೋಡಿ, ಎಷ್ಟು ದೂರ ಹೋಗಿದೆ. ಇದು ನಿಮ್ಮ ಮಗಳದು."

ಮಗಳ ಗುಡ್ಡ ಇದ್ದ ಜಾಗದಲ್ಲೇ ಇತ್ತು, ಒಂದಿಷ್ಟು ಮಿಸುಕಿದಂತೆ ಕಂಡಿತು, ಅಷ್ಟೇ.

"ನುಂಗೋ ತನಕ ಎಲ್ಲ ಸರಿಯಾಗೇ ಮಾಡ್ತವೆ. ಕೊಲ್ಲೋದು ಬರಲ್ಲ. ಕ್ರಿಮಿ ಒಳಗೇ ಬದುಕಿರ್ತದೆ. ಅದಕ್ಕೇ ಕಂಡ ಕಂಡಲ್ಲಿ ಗಂಟು, ಕೀವು. ಹುಟ್ಟಿನಿಂದ ಬಂದಿರೋದು. ಬಹಳ ಅಪರೂಪದ್ದು."

ನಾನು ವರ್ಷ ವರ್ಷವೂ ಮಕ್ಕಳಿಗೆ ಬಿಳಿ ರಕ್ತಕಣಗಳು ದೇಹದ ಸೈನಿಕರು ಎಂದು ಪಾಠ ಮಾಡಿದವಳು. ಬೋರ್ಡಿನ ಮೇಲೆ ಅವುಗಳಿಗೆ ಕತ್ತಿ ಗುರಾಣಿ ಬರೆದು ನಗಿಸಿದವಳು. ನನ್ನ ಮಗಳ ಸೈನಿಕರ ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ನಾನು ಆ ಶಾಲೆಗೆ ಹೋಗಿ ಆ ಪಾಠ ಮಾಡಲಿಲ್ಲ, ಕೆಲಸವನ್ನೇ ಬಿಟ್ಟೆ.

ನಮ್ಮ ಜೊತೆ ಅಜ್ಜಿಯೂ ಬಂದಿದ್ದಳು. ಅವಳು ಸೀರೆ ಸೆರಗು ಬಿಗಿಯಾಗಿ ಸುತ್ತಿಕೊಂಡು, "ಇದು ಯಾರ ಕಡೆಯಿಂದ ಬಂತಮ್ಮಾ ಡಾಕ್ಟ್ರಮ್ಮಾ?" ಎಂದು ಕೇಳಿದಳು. ಅಪ್ಪ ಅಮ್ಮ ಇಬ್ಬರಲ್ಲೂ ಒಂದೇ ವಂಶವಾಹಿಯ ಒಂದೊಂದು ಕೆಟ್ಟ ಪ್ರತಿ ಇದ್ದು, ಎರಡೂ ಮಗುವಿಗೆ ಸೇರಿದಾಗ ರೋಗ ಬರುತ್ತದೆ ಎಂದು ವಿವರಿಸುತ್ತಾ ಡಾಕ್ಟರು ಕಾಗದದ ಮೇಲೆ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಹಾಕಿ ವಂಶ ಬರೆದರು. ಮಗಳಿಂದ ಎರಡು ಗೆರೆ ಮೇಲೆ ಹೋದವು. ಒಂದು ನನ್ನ ಮೂಲಕ, ನನ್ನ ಅಮ್ಮನ ಮೂಲಕ. ಇನ್ನೊಂದು ನನ್ನ ಗಂಡನ ಮೂಲಕ. ಎರಡೂ ಮೇಲೆ ಹೋಗಿ ಒಂದೇ ಜೋಡಿಗೆ ಸೇರಿದವು.

ಅಜ್ಜಿ ಆ ಜೋಡಿಯ ವೃತ್ತದ ಮೇಲೆ ಬೆರಳಿಟ್ಟಳು. "ಇದು ನಾನಾ?"

"ನೀವೇ ಅಂತ ಹೇಳೋಕಾಗಲ್ಲ ಅಜ್ಜಿ. ನಿಮ್ಮ ಯಜಮಾನರದೂ ಆಗಿರಬಹುದು. ಇದರಲ್ಲಿ ಯಾರ ತಪ್ಪೂ ಇಲ್ಲ."

"ಆಯಪ್ಪ ಹೋಗಿ ಎಷ್ಟೋ ಕಾಲ ಆಯ್ತು. ಬೈಯೋಣ ಅಂದ್ರೂ ಇಲ್ಲ," ಅಂದಳು ಅಜ್ಜಿ. ಅಷ್ಟು ಹೇಳಿ ಮಾಮೂಲಿನಂತೆ ನಕ್ಕಳು, ನಗು ಅರ್ಧಕ್ಕೇ ನಿಂತಿತು. ತೀರಿಹೋದ ನನ್ನ ಮಗನ ಹೆಸರು ಹಿಡಿದು ಕರೆದು, "ಅಯ್ಯೋ ನಾ ತಂಡ್ರೀ, ನನ್ನಪ್ಪಾ," ಎಂದು ಅಲ್ಲೇ ಅಳಲು ಶುರು ಮಾಡಿದಳು. ಅವನು ಸತ್ತಾಗ ಅಳದೆ ನನ್ನನ್ನು ಹಿಡಿದುಕೊಂಡಿದ್ದ ಹೆಂಗಸು ಅವಳು.

ದಿನವೂ ತಪ್ಪದೆ ಕೊಡಬೇಕಾದ ಎರಡು ಔಷಧಿ ಬರೆದರು. ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಬೂಷ್ಟಿಗೆ. ಬೂಷ್ಟು ಅಂದಾಗ ನಾನು ಹಳೇ ಬ್ರೆಡ್ಡು, ಉಪ್ಪಿನಕಾಯಿ ಎಂದುಕೊಂಡೆ. ಡಾಕ್ಟರು ಬಿಡಿಸಿ ಹೇಳಿದರು. ಕೊಳೆತ ಎಲೆ, ಗೊಬ್ಬರ, ಸಗಣಿ, ಒಣಹುಲ್ಲು, ಹಳೇ ಕಟ್ಟಡ ಕೆಡವಿದ ಧೂಳು, ಇವೆಲ್ಲದರಲ್ಲೂ ಬೂಷ್ಟಿನ ಕಣ ಇರುತ್ತದೆ. ನಮಗೆ ಏನೂ ಆಗುವುದಿಲ್ಲ, ಇವಳ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ನನ್ನ ಗಂಡ ಹೇಳಿದರು, "ನಮ್ಮದು ಹಸುಗಳ ಮನೆ ಮೇಡಂ."

"ಹಾಗಾದರೆ ಮಗು ಆ ಮನೇಲಿ ಇರಬಾರದು."

ಕ್ಯಾಲನೂರಿನ ಮನೆಗೆ ಹಿಂದಿರುಗಿದಾಗ ಎಲ್ಲವೂ ಮೊದಲಿನಂತೆಯೇ ಇತ್ತು, ಆದರೆ ನನಗೆ ಪ್ರತಿಯೊಂದೂ ಬೇರೆಯಾಗಿ ಕಂಡಿತು. ಬೆಳಿಗ್ಗೆ ಅಂಗಳಕ್ಕೆ ಸಾರಿಸುವ ಸಗಣಿ. ತಿಪ್ಪೆಯಿಂದ ಏಳುವ ಬೆಚ್ಚನೆಯ ಹಬೆ. ರಾಗಿ ಹುಲ್ಲಿನ ಮೆದೆ. ಬಿಸಿಲುಕೋಲಿನಲ್ಲಿ ತೇಲುತ್ತಿದ್ದ ಧೂಳನ್ನು ಚಿಕ್ಕಂದಿನಲ್ಲಿ ಹಿಡಿಯಲು ಹೋಗುತ್ತಿದ್ದೆ, ಈಗ ಆ ಕಿರಣ ಮಗಳ ಮುಖದ ಮೇಲೆ ಬಿದ್ದರೆ ಓಡಿಹೋಗಿ ಅವಳ ಬಾಯಿ ಮುಚ್ಚುತ್ತಿದ್ದೆ. ನಾನು ಹುಟ್ಟಿನಿಂದ ಬಲ್ಲ ಮನೆ ನನ್ನ ಮಗಳನ್ನು ಕೊಲ್ಲಲು ಹೊಂಚು ಹಾಕಿ ಕೂತಿದೆ ಎಂದು ಅನಿಸುತ್ತಿತ್ತು. ಆ ವಾರವೇ ಬಟ್ಟೆಬರೆ ಕಟ್ಟಿಕೊಂಡು ಹೊರಟೆವು.

ಮೊದಲು ಹೋದದ್ದು ಮಾಲೂರಿಗೆ. ನನ್ನ ಗಂಡನಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು, ಆಸ್ಪತ್ರೆಗೆ ರೈಲಿನ ಅನುಕೂಲವೂ ಇತ್ತು. ಆದರೆ ಬೀದಿಯಲ್ಲಿ ದಿನವಿಡೀ ಇಟ್ಟಿಗೆ ಲಾರಿಗಳು ಓಡಾಡುತ್ತಿದ್ದವು. ಒಂದು ಮಧ್ಯಾಹ್ನ ಪಕ್ಕದ ಹಳೇ ಮನೆಯ ಗೋಡೆ ಕೆಡವತೊಡಗಿದರು. ಕೆಂಪು ಧೂಳು ಕಿಟಕಿಯಲ್ಲಿ ನುಗ್ಗಿತು. ಕಿಟಕಿ ಬಾಗಿಲು ಹಾಕಿ, ಸಂದಿಗಳಿಗೆ ಒದ್ದೆ ಟವೆಲ್ಲು ತುರುಕಿ, ಮಗಳನ್ನು ಬಚ್ಚಲಲ್ಲಿ ಕೂರಿಸಿಕೊಂಡು ಕೂತೆ. ಗಂಡ ಬಂದು ಬಾಗಿಲು ತಟ್ಟಿದರೂ ತೆಗೆಯಲಿಲ್ಲ. "ಇಲ್ಲಿ ಬೇಡ," ಎಂದೆ ಒಳಗಿನಿಂದಲೇ. "ಹೂಂ ಬೇಡ, ಬಾಗಿಲು ತೆಗಿ," ಅಂದರು ಅವರು.

ಆಮೇಲೆ ಸಿಕ್ಕಿದ್ದು ಕೋಲಾರದಲ್ಲಿ ಒಂದು ಮಹಡಿ ಮನೆ. ಕೆಳಗೆ ಮಾಲೀಕರು, ತಲೆಮಾರುಗಳಿಂದ ಪಾತ್ರೆ ವ್ಯಾಪಾರ ಮಾಡಿಕೊಂಡು ಬಂದ ಮುಸ್ಲಿಂ ಕುಟುಂಬ. ಮನೆಯೊಡತಿಗೆ ಮೊದಲ ದಿನವೇ ಎಲ್ಲ ಹೇಳಿದೆ. ಕೆಲವರು ಇಂಥ ಮಾತು ಕೇಳಿ ಅಂಟುರೋಗವೋ ಎಂದು ಹಿಂದೆ ಸರಿದದ್ದುಂಟು. ಆಕೆ ಮಗಳ ಗಲ್ಲ ಹಿಡಿದು, "ಮೇರಿ ಗುಡಿಯಾ, ನನ್ನ ಗೊಂಬೆ," ಎಂದು ಮುತ್ತಿಟ್ಟು, ಮತ್ತೆ ಗಾಬರಿಯಾಗಿ ನನ್ನ ಮುಖ ನೋಡಿದಳು. "ಮುತ್ತು ಕೊಡಬಹುದಾ, ಇಲ್ವಾ?"

ನಾನು ನಕ್ಕೆ. ಬಹಳ ದಿನದ ಮೇಲೆ ನಕ್ಕದ್ದು.

ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಅವರ ಮನೆಗೆ ಸುಣ್ಣ ಬಣ್ಣ ಆಗಬೇಕು, ಗೋಡೆ ಕೆರೆಯಬೇಕು. ಆ ವರ್ಷ ಆಕೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು, "ನೀವು ಬೆಂಗಳೂರಿಗೆ ಚೆಕಪ್‌ಗೆ ಯಾವಾಗ ಹೋಗ್ತೀರಮ್ಮಾ? ಆ ದಿನ ಕೆರೆಸಿಬಿಡ್ತೀನಿ. ಒದ್ದೆ ಬಟ್ಟೇಲಿ ಒರೆಸಿ ಆದ ಮೇಲೆ ಬನ್ನಿ." ನಾವು ಮರಳಿ ಬಂದಾಗ ಮಹಡಿ ಮೆಟ್ಟಿಲು ಒಂದೊಂದೂ ತೊಳೆದು ಒಣಗಿತ್ತು.

ಹಾಗೆ ಒಂದು ವರ್ಷಕ್ಕೂ ಮಿಕ್ಕಿ ಕಳೆಯಿತು. ಔಷಧಿ ಕೆಲಸ ಮಾಡುತ್ತಿತ್ತು. ಮಗಳು ಮೈ ತುಂಬಿಕೊಂಡಳು. ಆ ಸಂಕ್ರಾಂತಿಗೆ ಅಜ್ಜಿಯನ್ನು ನೋಡಿ ಬರೋಣ ಎಂದು ಕ್ಯಾಲನೂರಿಗೆ ಹೋದೆವು. ಅಜ್ಜಿ ಅಂಗಳಕ್ಕೆ ಸಗಣಿ ಸಾರಿಸದೆ ಬರೀ ನೀರು ಚಿಮುಕಿಸಿದ್ದಳು. ಕೊಟ್ಟಿಗೆ ಕಡೆಯ ಬಾಗಿಲಿಗೆ ಚಿಲಕ ಹಾಕಿದ್ದಳು. ಒಂದು ಗಂಟೆ ಇದ್ದು ಹೊರಡುವುದು ಎಂದು ಮಾತಾಗಿತ್ತು. ಹಸುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಿದ್ದರು. ಯಾರೋ ಬಣ್ಣದ ಡಬ್ಬಿ ತರಲು ಒಳಗೆ ಬಂದು ಚಿಲಕ ತೆಗೆದರು. ಎಳ್ಳು ಬೆಲ್ಲ ತಿನ್ನುತ್ತಾ ನನ್ನ ಪಕ್ಕ ಕೂತಿದ್ದ ಮಗಳು, ನಾನು ಬ್ಯಾಗು ಜೋಡಿಸಿ ತಲೆಯೆತ್ತುವಷ್ಟರಲ್ಲಿ ಇರಲಿಲ್ಲ.

ಮೆದೆಯ ಹಿಂದೆ ಸಿಕ್ಕಳು. ಕಿತ್ತು ಹರಡಿದ್ದ ಹುಲ್ಲಿನಲ್ಲಿ ಕಾಲು ಚಾಚಿ ಕೂತು, ಹೊಸದಾಗಿ ಹುಟ್ಟಿದ ಕರುವಿನ ಬಾಯಿಗೆ ಹಿಡಿ ಹಿಡಿ ಹುಲ್ಲು ಹಿಡಿಯುತ್ತಿದ್ದಳು. ಅವಳ ಕೂದಲ ತುಂಬ ಹುಲ್ಲಿನ ಪುಡಿ. ರೆಪ್ಪೆಯ ಮೇಲೆ ಕೂಡ. "ಅಮ್ಮಾ, ಇದು ನನ್ನ ಬೆರಳು ಚೀಪ್ತು!" ಎಂದು ಕೂಗಿದಳು. ಅಷ್ಟು ಖುಷಿಯಾಗಿ ಅವಳು ಇದ್ದದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ನಾನು ಕಿರುಚಿಕೊಂಡೆ. ಅವಳು ಹೆದರಿ ಜೋರಾಗಿ ಉಸಿರೆಳೆದು ಅಳಲು ಶುರು ಮಾಡಿದಳು. ಒಂದೊಂದು ಉಸಿರೂ ಒಳಗೆ ಹೋಗುವುದು ನನಗೆ ಕಾಣುತ್ತಿತ್ತು.

ಡಾಕ್ಟರಿಗೆ ಫೋನ್ ಮಾಡಿದೆವು, ಅವತ್ತೇ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಎದೆ ಶುದ್ಧವಾಗಿತ್ತು. ಕಾದು ನೋಡಬೇಕು ಅಂದರು. ಅವಳು ಗಂಟಲು ಸರಿಮಾಡಿಕೊಂಡರೂ ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಡುತ್ತಿದ್ದೆ. ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಕೆಮ್ಮಿದಳು. ಒಣ ಕೆಮ್ಮು. ನಾನೂ ನನ್ನ ಗಂಡನೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅವರು ಹೋಗಿ ಅಂಗಿ ಹಾಕಿಕೊಂಡರು, ನಾನು ಅವಳಿಗೆ ಸ್ವೆಟರ್ ಹಾಕಿದೆ.

ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶದಲ್ಲಿ ಅಕ್ಕಿ ಎರಚಿದ ಹಾಗೆ ಬಿಳಿ ಚುಕ್ಕೆಗಳು. ಆಮೇಲಿನ ತಿಂಗಳುಗಳನ್ನು ವಿವರಿಸಲು ನನ್ನಿಂದಾಗುವುದಿಲ್ಲ. ಬಾಯಿಗೆ ಆಮ್ಲಜನಕದ ಮುಖವಾಡ ಹಾಕಿಕೊಂಡು ಅವಳು ಕೇಳಿದ ಒಂದು ಮಾತು ಮಾತ್ರ ಬರೆಯುತ್ತೇನೆ. "ಕರುಗೂ ಕೆಮ್ಮು ಬಂತಾ ಅಮ್ಮಾ?"

ಬೂಷ್ಟಿನ ಬಲವಾದ ಔಷಧಿಗೆ ಆ ಸೋಂಕು ನಿಧಾನವಾಗಿ ಬಗ್ಗಿತು. ಮಗಳು ಎದ್ದು ಕೂತಳು. ಆಗ ಡಾಕ್ಟರು ಹೊಸ ಮಾತೆತ್ತಿದರು. ಇಡೀ ಜೀವನ ಹೀಗೆ ಕಾಯಲು ಆಗುವುದಿಲ್ಲ. ಮೂಳೆಯೊಳಗಿನ ಮಜ್ಜೆಯಲ್ಲೇ ರಕ್ತ ಹುಟ್ಟುವುದು; ಹೊಂದುವವರೊಬ್ಬರ ಮಜ್ಜೆ ಕಸಿ ಮಾಡಿದರೆ ಹೊಸ ಬಿಳಿಕಣ ಹುಟ್ಟುತ್ತವೆ, ಅವು ಕೊಲ್ಲಬಲ್ಲವು. ಅಣ್ಣ ತಮ್ಮ ಅಕ್ಕ ತಂಗಿ ಇದ್ದರೆ ಒಳ್ಳೆಯದಿತ್ತು. ಇಲ್ಲ. ಆದರೂ ನಮ್ಮಿಬ್ಬರನ್ನೂ ಪರೀಕ್ಷೆ ಮಾಡುತ್ತೇನೆ ಅಂದರು. ಸಾಮಾನ್ಯವಾಗಿ ಅಪ್ಪ ಅಮ್ಮ ಅರ್ಧವೇ ಹೊಂದುವುದು, ಸಂಬಂಧದಲ್ಲೇ ಮದುವೆಯಾದವರಲ್ಲಿ ಒಮ್ಮೊಮ್ಮೆ ಪೂರ್ತಿ ಹೊಂದುವುದೂ ಉಂಟಂತೆ.

ನನ್ನದು ಪೂರ್ತಿ ಹೊಂದಿತು.

ಸಂತೋಷಪಡಬೇಕಿತ್ತು. ನನಗೆ ಮೊದಲು ಬಂದದ್ದು ದಿಗಿಲು. "ನನ್ನಲ್ಲೂ ಆ ಕೆಟ್ಟದ್ದು ಇದೆಯಲ್ಲ ಮೇಡಂ, ಅದನ್ನೇ ಮತ್ತೆ ಅವಳಿಗೆ ಕೊಡೋದಾ?"

"ನಿಮ್ಮಲ್ಲಿ ಒಂದು ಕೆಟ್ಟದು, ಒಂದು ಒಳ್ಳೇದು. ಒಳ್ಳೇದೊಂದಿದ್ರೆ ಕೆಲಸ ನಡೀತದೆ. ನೀವು ಇಷ್ಟು ವರ್ಷ ಸಗಣಿ ತಟ್ಟಿಲ್ವಾ? ಏನಾಯ್ತು?"

ಅವರು ಅಪಾಯಗಳನ್ನೂ ಮುಚ್ಚಿಡಲಿಲ್ಲ. ಅವಳ ಹಳೇ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ತೆಗೆಯಬೇಕು. ಹೊಸದು ಹಿಡಿಯುವ ತನಕ ಅವಳ ಮೈಯಲ್ಲಿ ಯಾವ ಕಾವಲೂ ಇರುವುದಿಲ್ಲ. ಹಿಡಿಯದೇ ಹೋಗಬಹುದು. ಹಿಡಿದ ಮೇಲೆ ನನ್ನ ಕಣಗಳು ಅವಳ ಮೈಯನ್ನೇ ಪರಕೀಯವೆಂದು ತಿಳಿದು ಕಾಡಬಹುದು. ಮುಂದೆ ಅವಳಿಗೆ ಮಕ್ಕಳಾಗುವುದು ಕಷ್ಟವಾಗಬಹುದು. ಈಗ ಚೆನ್ನಾಗಿರುವ ಮಗುವನ್ನು ನಾವೇ ಕೈಯಾರೆ ಅಲ್ಲಿಗೆ ಒಯ್ಯುವುದು. ಕೋಲಾರಕ್ಕೆ ಮರಳುವ ದಾರಿಯಲ್ಲಿ ಬಸ್ಸು ನರಸಾಪುರ ದಾಟಿತು.

"ಬೇಡ ಅಂದ್ಬಿಡ್ಲಾ?" ಎಂದು ನಾನೇ ಕೇಳಿದೆ.

ನನ್ನ ಗಂಡ ತೊಡೆಯ ಮೇಲೆ ಮಲಗಿದ್ದ ಮಗಳನ್ನು ನೋಡುತ್ತಾ ಹೇಳಿದರು, "ಇನ್ನೊಂದು ಸಲ ಅವಳು ಕೆಮ್ಮಿದ್ರೆ ನನ್ ಕೈಲಿ ನೋಡೋಕಾಗಲ್ಲ ಕಣೇ."

ಅಜ್ಜಿ ಹಸುಗಳನ್ನು ಒಂದೊಂದಾಗಿ ಬೇರೆಯವರ ಕೊಟ್ಟಿಗೆಗೆ ಸಾಗಿಸಿದಳು. ಯಾರೂ ಹೇಳಿರಲಿಲ್ಲ. ಆ ದಿನಗಳಲ್ಲೇ ನನ್ನ ತಂಗಿಯನ್ನು ಅಜ್ಜಿಯ ಇನ್ನೊಬ್ಬ ಮಗನ ಮಗನಿಗೆ ಕೇಳಲು ಶ್ರೀನಿವಾಸಪುರಕ್ಕೆ ನೆಂಟರು ಬಂದರು. ಅವತ್ತು ಅಲ್ಲಿಗೆ ಬಂದು ಜಗಲಿಯಲ್ಲಿ ಕೂತಿದ್ದ ಅಜ್ಜಿ, ಅವರು ತಾಂಬೂಲದ ತಟ್ಟೆ ಇಳಿಸುವ ಮೊದಲೇ, "ವದ್ದು, ಬೇಡ," ಅಂದಳು. "ನಮ್ಮೊಳಗೇ ಇನ್ನು ವದ್ದು. ಹೊರಗಡೆ ನೋಡ್ಕೊಳ್ಳಿ." ಮಾತು ಅಲ್ಲಿಗೆ ನಿಂತಿತು.

ನನ್ನ ಮಜ್ಜೆ ತೆಗೆದ ದಿನ ನನಗೆ ಅರಿವಳಿಕೆ ಕೊಟ್ಟಿದ್ದರು. ಎಚ್ಚರವಾದಾಗ ಸೊಂಟದ ಹಿಂದೆ ಒನಕೆಯಲ್ಲಿ ಕುಟ್ಟಿದಂಥ ನೋವು. ಮಧ್ಯಾಹ್ನ ಗಾಲಿಕುರ್ಚಿಯಲ್ಲಿ ಕೂರಿಸಿ ಗಾಜಿನ ಕಿಟಕಿಯ ಹತ್ತಿರ ತಂದರು. ಒಳಗೆ ಮಗಳ ಮಂಚದ ಮೇಲೆ ರಕ್ತದಂತೆಯೇ ಕಾಣುವ ನನ್ನ ಮಜ್ಜೆಯ ಚೀಲ ತೂಗುತ್ತಿತ್ತು. ಇಷ್ಟೇನಾ ಅನಿಸಿತು. ತಲೆ ಬೋಳಾಗಿದ್ದ ಮಗಳು, ಬಾಯಿ ತುಂಬ ಹುಣ್ಣಾಗಿ ಮಾತಾಡಲು ಆಗದೆ, ನನ್ನನ್ನು ಕಂಡು ಕೈಯೆತ್ತಿ ಚೀಲದ ಕಡೆ ತೋರಿಸಿದಳು.

ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಬಿಳಿಕಣದ ಲೆಕ್ಕ ಬರುತ್ತಿತ್ತು. ಸೊನ್ನೆ. ಮತ್ತೆ ಸೊನ್ನೆ. ನರ್ಸಮ್ಮನ ಹೆಜ್ಜೆ ಸದ್ದು ಕೇಳಿದರೇ ಎದ್ದು ಗಾಜಿನ ಹತ್ತಿರ ಹೋಗುತ್ತಿದ್ದೆ. ಒಳಗಿದ್ದ ನನ್ನ ಗಂಡ ಗಾಜಿನ ಆಚೆಯಿಂದ ಬೆರಳು ಸುತ್ತಿ ಸೊನ್ನೆ ತೋರಿಸುತ್ತಿದ್ದರು. ಜ್ವರ ಬಂತು. ಬಂದ ಜ್ವರ ಇಳಿಯದೆ ನಿಂತಾಗ ಮೊದಲ ಮಗನ ಕೊನೆಯ ದಿನಗಳು ನನ್ನ ಕಣ್ಣ ಮುಂದೆ ಬಂದವು. ಇವಳನ್ನೂ ಕಳೆದುಕೊಳ್ಳುತ್ತೇನೆ ಎಂದು ಮನಸ್ಸಿನಲ್ಲಿ ಖಚಿತವಾಗಿಬಿಟ್ಟಿತ್ತು. ಅಮ್ಮನಿಗೆ ಫೋನ್ ಮಾಡಿ, "ಬಂದುಬಿಡು," ಎಂದಷ್ಟೇ ಹೇಳಿದೆ.

ಅಮ್ಮ ಬಂದ ಮಾರನೆಯ ಬೆಳಿಗ್ಗೆ ಗಾಜಿನ ಆಚೆ ಗಂಡ ಸೊನ್ನೆ ತೋರಿಸಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು. ಮುಗಿಯಿತು ಎಂದುಕೊಂಡು ನಾನು ನೆಲದ ಮೇಲೆ ಕುಸಿದು ಕೂತೆ. ಡಾಕ್ಟರು ಬಂದು ಭುಜ ಹಿಡಿದು ಎಬ್ಬಿಸಿದರು. "ಏಳಿ ಏಳಿ. ಕಣ ಬರ್ತಾ ಇವೆ. ನಿಮ್ಮವು. ಅವರಿಗೆ ಅಳು ಬಂದಿದೆ, ಅಷ್ಟೇ."

ಆಮೇಲೂ ಅದೇನು ನೇರ ದಾರಿಯಾಗಿರಲಿಲ್ಲ. ಮೈಯೆಲ್ಲ ಕೆಂಪು ದದ್ದು ಎದ್ದು ಚರ್ಮ ಸುಲಿಯಿತು. ನನ್ನ ಕಣಗಳೇ ಅವಳನ್ನು ಕಾಡಿದವು. ಅದಕ್ಕೆ ಔಷಧಿ, ಆ ಔಷಧಿಗೆ ಊದಿದ ಮುಖ. ಹಲವು ತಿಂಗಳ ಮೇಲೆ ಹಳೇ ಪರೀಕ್ಷೆಯನ್ನು ಮತ್ತೆ ಮಾಡಿದರು. ನಾನು ತೆರೆಯ ಕಡೆ ನೋಡಲಾರದೆ ಡಾಕ್ಟರ ಮುಖ ನೋಡುತ್ತಾ ಕೂತೆ. ಅವರು ನನ್ನ ಗಲ್ಲ ಹಿಡಿದು ತೆರೆಯ ಕಡೆ ತಿರುಗಿಸಿದರು. ಗುಡ್ಡ ಬಲಕ್ಕೆ ಸರಿದಿತ್ತು.

ಈಗ ಅವಳು ಕೋಲಾರದಲ್ಲೇ ಶಾಲೆಗೆ ಹೋಗುತ್ತಾಳೆ. ಹೊಸ ಮಜ್ಜೆಗೆ ಹಳೇ ಲಸಿಕೆಯ ನೆನಪಿರುವುದಿಲ್ಲವಂತೆ, ಚಿಕ್ಕಂದಿನ ಲಸಿಕೆಗಳನ್ನೆಲ್ಲ ಮೊದಲಿನಿಂದ ಹಾಕಿಸಿದ್ದೇವೆ. ನನ್ನ ಗಂಡ ಮಾಲೂರಿನ ಕೆಲಸಕ್ಕೆ ಈಗಲೂ ಓಡಾಡುತ್ತಾರೆ. ಅಜ್ಜಿ ನಮ್ಮ ಜೊತೆಗಿದ್ದಾಳೆ, ಕೆಳಗಿನ ಮನೆಯೊಡತಿಗೂ ಅವಳಿಗೂ ಟೀ ಹೊತ್ತಿನಲ್ಲಿ ತೆಲುಗು ಉರ್ದು ಸೇರಿದ ಯಾವುದೋ ಭಾಷೆಯಲ್ಲಿ ಜಗಳ ನಡೆಯುತ್ತಿರುತ್ತದೆ. ನಮಗೆ ಇನ್ನೊಂದು ಮಗು ಬೇಕೇ ಎಂದು ಜನ ಕೇಳುತ್ತಾರೆ. ಗರ್ಭದಲ್ಲೇ ಪರೀಕ್ಷೆ ಮಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಇಷ್ಟರ ತನಕ ನನಗೆ ಧೈರ್ಯ ಬಂದಿಲ್ಲ.

ಹೋದ ತಿಂಗಳು ಅವಳು ಶಾಲೆಯ ಮೈದಾನದಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದಳು. ಮಣ್ಣು ಮೆತ್ತಿದ ಗಾಯ. ತೊಳೆದು ಮುಲಾಮು ಹಚ್ಚಿದೆ. ಶಾಲೆಗೆ ಹೋಗಬೇಡ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ದಿನಾ ಬೆಳಿಗ್ಗೆ ಅವಳ ಲಂಗ ಎತ್ತಿ ನೋಡುತ್ತಿದ್ದೆ. ಕೆಂಪಾಗಲಿಲ್ಲ, ಊದಲಿಲ್ಲ, ಕೀವಾಗಲಿಲ್ಲ. ಕಂದು ಬಣ್ಣದ ಹಕ್ಕಳೆ ಕಟ್ಟಿ ಅಂಚಿನಲ್ಲಿ ಬಿಡತೊಡಗಿತು. ಅವಳು ಅದನ್ನು ಉಗುರಿನಿಂದ ಕೀಳುತ್ತಾ ಕೂತಿದ್ದಳು.

"ಕೀಳಬೇಡ, ರಕ್ತ ಬರ್ತದೆ," ಎಂದು ಗದರಿಸಿದೆ.

"ಬಂದ್ರೆ ಬರ್ಲಿ ಬಿಡಮ್ಮಾ," ಎಂದು ಅವಳು ಕಿತ್ತೇ ಬಿಟ್ಟಳು. ಕೆಳಗೆ ತೆಳುವಾದ ಗುಲಾಬಿ ಚರ್ಮ ಬಂದಿತ್ತು. ನಾನು ಅದನ್ನು ಮುಟ್ಟಿ ನೋಡಬೇಕೆಂದು ಕೈ ಚಾಚುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋಗಿದ್ದಳು.